ಹಗ್ಗ ಹಾಕಿ ಹಿಡಿದ ಅಜ್ಜಿ

ತಿಯೆತೆ ನದಿ ದಂಡೆಯ ನಮ್ಮ ಇಪೆ ರೇವಿನಲ್ಲಿ ಜಂಬ ಇಲ್ಲದ ಮನೆಯೇ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಯಾರನ್ನು ಕೇಳಿದರೂ ತಾನು ಬಂದೇರಾಂತೆಗಳ ಕುಲ ಅಂತಾನೆ. ಮುನ್ನೂರು ವರ್ಷದ ಹಿಂದೆ ಇದೇ ರೇವಿನಲ್ಲಿ ದೋಣಿ ಹತ್ತಿ, ಚಿನ್ನಕ್ಕೂ ಗುಲಾಮರಿಗೂ ಕಾಡೆಲ್ಲ ಜಾಲಾಡಿದ ಪೋರ್ಚುಗೀಸ್ ದಳದವರು ಅವರು. ಕಟುಕ ಪೊಲಿಕಾರ್ಪುವಿನ ಅಂಗಡಿಯಲ್ಲಂತೂ ಹಂದಿ ತೊಡೆಯ ಪಕ್ಕದಲ್ಲೇ ಅಂಥ ಒಬ್ಬ ಗಡ್ಡದವನ ಪಟ ತೂಗುತ್ತದೆ.

ದಿಯೊಲಿಂದಾಳ ಜಂಬ ಮಾತ್ರ ಬೇರೆ ಥರದ್ದು. ಕಡಲೆಕಾಯಿ, ಮರಗೆಣಸಿನ ಹಿಟ್ಟು, ಬೆಲ್ಲ ಎಲ್ಲ ಒರಳಿಗೆ ಹಾಕಿ ಕುಟ್ಟಿ, ಪಸೋಕಾ ಉಂಡೆ ಮಾಡಿ ಮಾರುವ ಹೆಂಗಸು. ಒನಕೆ ಎದ್ದಾಗಲೆಲ್ಲ ಬಾಯಿಯೂ ಏಳಬೇಕು.

"ನೀವೆಲ್ಲ ಹಡಗಲ್ಲಿ ಬಂದೋರು ಕಣ್ರಯ್ಯಾ. ನಮ್ಮ ಮೂಲದಜ್ಜಿ ಇಲ್ಲೇ ಕಾಡಲ್ಲಿದ್ದೋಳು. ಅವಳನ್ನ ಹಗ್ಗ ಹಾಕಿ ಹಿಡೀಬೇಕಾಯ್ತು, ಗೊತ್ತಾ? ಅಂಥಾ ಗಟ್ಟಿಗಿತ್ತಿ!"

ಈ ಸೀಮೆಯ ಅರ್ಧ ಮನೆಗಳಲ್ಲಿ ಈ ಮಾತಿದೆ. ಹೇಳುವವರೂ ನಗುತ್ತಾರೆ, ಕೇಳುವವರೂ ನಗುತ್ತಾರೆ.

ಅವಳ ಜಂಬಕ್ಕೆ ಇನ್ನೊಂದು ಕಾರಣವೂ ಇತ್ತು ಅನ್ನಿ. ವರ್ಷಕ್ಕೊಮ್ಮೆ ಊರವರು ಆ ಹಳೆಯ ಪಯಣವನ್ನು ಆಡಿ ತೋರಿಸುತ್ತಾರೆ. ಮೊದಲ ದೋಣಿಯಲ್ಲಿ ಬೂಟು ಮೆಟ್ಟಿ ಗಡ್ಡ ಅಂಟಿಸಿಕೊಂಡ ಕಪ್ತಾನ. ಅವನ ಕೈಯಲ್ಲೊಂದು ಹಗ್ಗ, ಹಗ್ಗದ ತುದಿಯಲ್ಲಿ ಸೆರೆಸಿಕ್ಕ ಹುಡುಗಿ. ಆ ಹುಡುಗಿಯ ವೇಷ ದಿಯೊಲಿಂದಾಳ ಮನೆತನದ್ದು. ಅವಳ ತಾಯಿ ಕಟ್ಟಿದ್ದಳು, ಇವಳು ಕಟ್ಟಿದಳು, ಮಗಳೂ ಕಟ್ಟಿದಳು. ಬೇರೆ ದಿನ ಆ ಮನೆಯವರಿಗೆ ಚರ್ಚಿನಲ್ಲಿ ಕೊನೇ ಬೆಂಚು, ಸಂತೆಯಲ್ಲಿ ಮೂಲೆ. ಆವತ್ತು ಮಾತ್ರ ಮೊದಲ ದೋಣಿ. ಅದನ್ನು ಕಳೆದುಕೊಂಡರೆ ಊರಲ್ಲಿ ಅವರಿಗೆ ಏನೂ ಉಳಿಯುತ್ತಿರಲಿಲ್ಲ.

ಈ ಸಲ ಮೊಮ್ಮಗಳು ತೈನಾಳ ಸರದಿ. ಹುಡುಗಿ ಒಂದು ವಾರದಿಂದ ಕುಣಿಯುತ್ತಿದ್ದಳು. ಬೆಳಿಗ್ಗೆ ದಂಡೆಯ ತುಂಬ ಜನ. ಕಪ್ತಾನನ ವೇಷದ ಪೊಲಿಕಾರ್ಪು ಬೂಟಿನ ಬಿಗಿತಕ್ಕೆ ಕುಂಟುತ್ತಾ ಬಂದು ಹಗ್ಗ ಚಾಚಿದ.

"ತಗೋ ದಿಯೊಲಿಂದಕ್ಕಾ, ಗಂಟು ನೀನೇ ಹಾಕು."

ಅವಳು ಹುಡುಗಿಯ ಕೊರಳಿಗೆ ಹಗ್ಗ ಸುತ್ತಿದಳು. ತೈನಾ ಗಲ್ಲ ಮೇಲೆತ್ತಿ ನಿಂತಿದ್ದಳು.

"ಅಜ್ಜೀ, ಹಿಡ್ಕೊಂಡು ಹೋದಾಗ ಆ ಅಜ್ಜಿಗೆ ಎಷ್ಟು ವಯಸ್ಸು?"

"ನಿನ್ನಷ್ಟೇ ಇರ್ಬೇಕು ಕಣೇ. ಅಲ್ಲಾಡಬೇಡ."

"ಮತ್ತೆ ಅವರಮ್ಮ ಹುಡುಕ್ಕೊಂಡು ಬರಲಿಲ್ವಾ?"

ದಿಯೊಲಿಂದಾಳ ಕೈ ನಿಂತುಬಿಟ್ಟಿತು. ಅಯ್ಯೋ ದೇವರೇ, ಎಷ್ಟು ಸಲ ಹೇಳಿದ್ದಳು ಆ ಕತೆ! ಎಷ್ಟು ಜನರನ್ನು ನಗಿಸಿದ್ದಳು! ಆ ಹುಡುಗಿಗೂ ಒಬ್ಬ ತಾಯಿ ಇದ್ದಳು ಅಂತ ಒಂದು ದಿನವೂ ಹೊಳೆದಿರಲಿಲ್ಲ. ಮೊದಲು ನಾಚಿಕೆಯಾಯಿತು. ಆಮೇಲೆ ಮೈಯೆಲ್ಲ ಉರಿದುಹೋಯಿತು. ಅವಳು ಹಗ್ಗ ಬಿಚ್ಚಿದಳು.

"ಇದೇನಕ್ಕಾ, ಹೊರಡೋ ಹೊತ್ತಲ್ಲಿ?" ಅಂದ ಪೊಲಿಕಾರ್ಪು.

"ಇವಳಿಗೆ ಹಗ್ಗ ಹಾಕಲ್ಲ."

"ತಲೆ ಕೆಟ್ಟಿದೆಯಾ? ಈ ವೇಷಕ್ಕೆ ಎಷ್ಟು ಮನೆಯೋರು ಬಾಯಿ ಬಿಟ್ಕೊಂಡು ಕಾಯ್ತಿದಾರೆ. ಒಂದ್ಸಲ ಬಿಟ್ರೆ ಬಿಟ್ಟ ಹಾಗೇ. ನಿಮ್ಮ ಜಾಗ ಹೋಯ್ತು ಅಂತಾನೇ ತಿಳ್ಕೋ."

ಅವನೇನು ಕೆಟ್ಟವನಲ್ಲ. ಅವಳ ಗಂಡ ಸತ್ತಾಗ ಶವಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟವನು. ಅವಳ ಕಣ್ಣು ನೋಡಿ ಈಗಲೂ ದನಿ ತಗ್ಗಿಸಿದ.

"ಆ ಕಪ್ತಾನರು ಇಲ್ದಿದ್ರೆ ಈ ಊರೆಲ್ಲಿತ್ತು ಹೇಳಕ್ಕಾ?"

"ಊರನ್ನೂ ಕಟ್ಟಿದ್ರು, ಹುಡುಗೀರನ್ನೂ ಕಟ್ಟಿದ್ರು. ಹೇಳೋದಾದ್ರೆ ಎರಡನ್ನೂ ಹೇಳು."

ಅಷ್ಟಂದು ಲಂಗ ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗಿಳಿದು ಮೊದಲ ದೋಣಿ ಹತ್ತಿದಳು. ದೋಣಿಯ ಮುಂತುದಿ ದಾರಿ ಬಲ್ಲವನ ಜಾಗ. ಅವನು ಹಿಮ್ಮಡಿ ಬಡಿದರೆ ಹುಟ್ಟುಗಳೆಲ್ಲ ಒಟ್ಟಿಗೆ ನೀರಿಗೆ ಬೀಳಬೇಕು. ಅವಳಪ್ಪ ಅಲ್ಲೇ ನಿಂತು ಮುದುಕನಾದವನು. ಹೆಂಗಸರು ಅಲ್ಲಿ ಕಾಲಿಟ್ಟದ್ದಿಲ್ಲ. ಅಲ್ಲಿದ್ದ ಆಳು ಅವಳ ಮುಖ ನೋಡಿದವನೇ ಜಾಗ ಬಿಟ್ಟು ಇಳಿದ. ಹುಟ್ಟು ಹಿಡಿದವರು ಹುಟ್ಟು ಎತ್ತಿ ಸಿದ್ಧರಾದರು. ಅವರದ್ದೂ ಅವಳಂಥದೇ ಕಾಡಿನ ಕಡೆಯ ಮುಖಗಳು, ಆ ಹಗ್ಗದಜ್ಜಿಯ ಕತೆ ಅವರ ಮನೆಗಳಲ್ಲೂ ಇತ್ತು.

ಧ್ವನಿವರ್ಧಕದವನು ಒಬ್ಬೊಬ್ಬರ ವೇಷ ಕೂಗಿ ಹೇಳುತ್ತಿದ್ದವನು ತಡವರಿಸಿದ. "ಈಗ ಕಪ್ತಾನರು... ಮುಂದೆ... ಏ ದಿಯೊಲಿಂದಾ, ನಿಂದ್ಯಾವ ವೇಷನೇ?"

ದಂಡೆಯ ಮೇಲೆ ನಗು ಎದ್ದಿತು.

"ತಾಯಿ!" ಅಂತ ಕೂಗಿದಳು ಅವಳು. "ಮಗಳನ್ನ ಹುಡುಕ್ಕೊಂಡು ಹೊರಟಿರೋ ತಾಯಿ ಅಂತ ಹೇಳು!"

ನಗು ಅಲ್ಲಿಗೇ ನಿಂತಿತು. ಅವಳು ಬರಿಗಾಲಿನ ಹಿಮ್ಮಡಿ ಎತ್ತಿ ಹಲಗೆಗೆ ಬಡಿದಳು. ಹುಟ್ಟುಗಳು ಒಮ್ಮೆಲೇ ನೀರಿಗೆ ಬಿದ್ದವು, ದೋಣಿ ಹೊರಟಿತು. ಪೊಲಿಕಾರ್ಪು ಬೂಟು ಕೈಯಲ್ಲಿ ಹಿಡಿದುಕೊಂಡು ನೀರಲ್ಲಿ ಓಡಿಬಂದು ಹೇಗೋ ಹಿಂದೆ ಹತ್ತಿಕೊಂಡ.

ತೈನಾ ದಂಡೆಯ ಉದ್ದಕ್ಕೂ ದೋಣಿಯ ಜೊತೆಗೇ ಓಡುತ್ತಿದ್ದಳು, ಅಡ್ಡ ಬಂದವರನ್ನೆಲ್ಲ ತಳ್ಳಿ ಕೂಗುತ್ತಿದ್ದಳು:

"ನಮ್ಮಜ್ಜಿ ಕಣ್ರೋ! ನೋಡ್ರೋ, ಅವಳು ನಮ್ಮಜ್ಜಿ!"