ತೊಳೆದ ಕೈಯ ತಟ್ಟೆ

ಆ ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವಳು ಸೋಪಕ್ಕ. ಹಸುಗೂಸುಗಳ ವಾರ್ಡಿನ ಹಿರಿಯ ನರ್ಸು, ಇಪ್ಪತ್ತಮೂರು ವರ್ಷದ ಅನುಭವ, ಮೂಗಿನ ತುದಿಯಲ್ಲೇ ಕೋಪ. ಬಾಗಿಲ ಪಕ್ಕದ ಸಿಂಕಿನಲ್ಲಿ ಕೈ ತೊಳೆಯದೆ ಒಳಗೆ ಕಾಲಿಟ್ಟವರು ದೊಡ್ಡ ಡಾಕ್ಟರೇ ಆಗಿರಲಿ, ಅವಳ ಬಾಯಿಗೆ ಬಿದ್ದರೆಂದೇ ಲೆಕ್ಕ.

"ಕೈ ತೊಳೆದ್ರಾ ಸರ್?"

"ಈಗಷ್ಟೇ ಹೊರಗೆ ತೊಳ್ಕೊಂಡು ಬಂದೆನಮ್ಮಾ."

"ಅದು ಹೊರಗಿನ ಲೆಕ್ಕಕ್ಕೆ ಆಯ್ತು. ಇಲ್ಲಿಂದು ಇಲ್ಲಿ ತೊಳೀರಿ."

ದೊಡ್ಡ ಡಾಕ್ಟರು ಅಂಗಿಯ ತೋಳು ಮಡಚುತ್ತಿದ್ದರು. ಸಿಂಕಿನ ಮೇಲೆ ಗೋಡೆಗೆ ಹೊಡೆದಿದ್ದ ಸೋಪಿನ ಡಬ್ಬಿಯ ಬೀಗದ ಕೈ ಸೋಪಕ್ಕನ ಸೊಂಟದಲ್ಲೇ ಇರುತ್ತಿತ್ತು. ಅದು ಖಾಲಿಯಾದದ್ದನ್ನು ಕಂಡವರಿಲ್ಲ. ಪ್ರತಿ ಶನಿವಾರ ಅವಳೇ ಸ್ಟೂಲು ಹತ್ತಿ, ಡಬ್ಬಿಯಲ್ಲಿ ಉಳಿದಿದ್ದ ದ್ರವದ ಮೇಲೆ ಕ್ಯಾನಿನಿಂದ ಹೊಸದನ್ನು ಸುರಿದು, ನೊರೆ ಚೆನ್ನಾಗಿ ಬರಲೆಂದು ಒಂದು ಲೋಟ ನೀರನ್ನೂ ಬೆರೆಸಿ ಬೀಗ ಹಾಕುತ್ತಿದ್ದಳು. ಸೋಪಿಲ್ಲ ಎಂಬ ನೆಪ ಯಾರಿಗೂ ಸಿಗಬಾರದು, ಅದೇ ಅವಳ ಹಟ.

ಆ ವರ್ಷ ಬಿಸಿಲು ಏರುತ್ತಿದ್ದ ದಿನಗಳಲ್ಲಿ ವಾರ್ಡಿಗೆ ಗ್ರಹಚಾರ ಕಾದಿತ್ತು. ಹತ್ತು ದಿನದಲ್ಲಿ ಐದು ಕೂಸುಗಳಿಗೆ ಜ್ವರ. ಐವರ ರಕ್ತದಲ್ಲೂ ಒಂದೇ ಜಾತಿಯ ರೋಗಾಣು. ಸೋಪಕ್ಕ ಕೆಂಡವಾದಳು. ಆಯಾಳ ಬಕೆಟ್ಟು, ಡಾಕ್ಟರ ಉಂಗುರ, ಅಪ್ಪಂದಿರ ಮೊಬೈಲು, ಯಾವುದನ್ನೂ ಬಿಡಲಿಲ್ಲ. ಎಲ್ಲಕ್ಕಿಂತ ಹೆಚ್ಚು ಅವಳ ಕೈಗೆ ಸಿಕ್ಕಿದವಳು ಎರಡನೇ ಪೆಟ್ಟಿಗೆಯ ಕೂಸಿನ ತಾಯಿ. ಮನೆಯಲ್ಲೇ ಬಟ್ಟೆ ಹೊಲಿದು ಬದುಕುವ ಹೆಂಗಸು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಒಂದು ಮಧ್ಯಾಹ್ನ ಮಗು ಅತ್ತಿತೆಂದು ಅವಳು ಓಡಿಬಂದು, ತೊಳೆಯದ ಕೈಯನ್ನೇ ಪೆಟ್ಟಿಗೆಯೊಳಗೆ ಹಾಕಿ ಅದರ ಹೊಟ್ಟೆ ಸವರಿಬಿಟ್ಟಿದ್ದಳು. ಸೋಪಕ್ಕನ ಹದ್ದಿನ ಕಣ್ಣು ತಪ್ಪಲಿಲ್ಲ. ಮೂರು ದಿನಕ್ಕೆ ಮಗುವಿನ ಮೈ ಸುಡತೊಡಗಿದಾಗ ಎಲ್ಲರೆದುರಿಗೇ ಅಂದುಬಿಟ್ಟಳು.

"ನಿನ್ನ ಕೈಯಾರೆ ನೀನೇ ತಂದಿಟ್ಟೆ ಕಣಮ್ಮಾ. ಬಾಯಿ ನೋಯೋ ತನಕ ಹೇಳಿದ್ದೆನಲ್ಲ."

ಆಮೇಲೆ ಆ ತಾಯಿ ಗಂಟೆಗೊಮ್ಮೆ ಬಂದು ಅದೇ ಸಿಂಕಿನಲ್ಲಿ ಮೊಣಕೈವರೆಗೆ ಸೋಪು ಬಳಿದು ಉಜ್ಜಿ ಉಜ್ಜಿ ತೊಳೆದಳು. ಸೋಪಕ್ಕನಿಗೆ ಒಳಗೊಳಗೇ ಸಮಾಧಾನ, ಈಗಲಾದರೂ ಬುದ್ಧಿ ಬಂತು ಅಂತ. ಮಂಗಳವಾರ ಬೆಳಿಗ್ಗೆ ಮಗು ತೀರಿಕೊಂಡಿತು. ತಾಯಿ ಅಳಲಿಲ್ಲ. "ನನ್ನ ಕೈಯಿಂದಾನೇ ಅಲ್ವಾ ಸಿಸ್ಟರ್?" ಎಂದು ಕೇಳಿದಳು. ಸೋಪಕ್ಕ ಬಟ್ಟೆ ಸುತ್ತಿ ಮಗುವನ್ನು ಕೊಟ್ಟಳು.

ಮಾರನೇ ದಿನ ರೋಗಾಣು ಪರೀಕ್ಷೆಯ ಲ್ಯಾಬಿನ ಡಾಕ್ಟರಮ್ಮ ಒಂದು ಟ್ರೇ ತುಂಬ ಪುಟ್ಟ ಮುಚ್ಚಳದ ತಟ್ಟೆಗಳನ್ನು ಹೊತ್ತುಕೊಂಡು ಬಂದಳು. ಒಂದೊಂದರಲ್ಲೂ ಗಂಜಿ ಹೆಪ್ಪುಗಟ್ಟಿದಂಥ ಪದರ. ಕೆಲಸಕ್ಕೆ ಬಂದವರು ಬಂದ ಹಾಗೆಯೇ ಬೆರಳೊತ್ತಬೇಕು, ಕೈಮೇಲೆ ರೋಗಾಣು ಇದ್ದರೆ ಎರಡು ದಿನದಲ್ಲಿ ಅಲ್ಲಿ ಬೆಳೆದು ಕಾಣುತ್ತದೆ. ಒಬ್ಬೊಬ್ಬರಾಗಿ ಒತ್ತಿದರು. ಸೋಪಕ್ಕನ ಸರದಿ ಬಂದಾಗ ಅವಳು ಸುಮ್ಮನಿರುತ್ತಾಳೆಯೇ?

"ನಂದು ಎರಡು ತಗೊಳ್ಳಿ ಡಾಕ್ಟ್ರಮ್ಮ. ತೊಳೆಯೋಕೆ ಮುಂಚೆ ಒಂದು, ತೊಳೆದ ಮೇಲೆ ಒಂದು. ಪಕ್ಕಪಕ್ಕ ಇಟ್ಟು ಇವರಿಗೆಲ್ಲಾ ತೋರಿಸಿ. ನಾನು ಹೇಳಿದ್ರೆ ಯಾರಿಗೂ ನಾಟಲ್ಲ."

ಒಂದು ತಟ್ಟೆಗೆ ಒತ್ತಿ, ಆಮೇಲೆ ಬೆರಳಸಂದಿ, ಉಗುರು, ಮಣಿಕಟ್ಟು ಯಾವುದನ್ನೂ ಬಿಡದೆ ತೊಳೆದು, ಒರೆಸಿ, ಗೆದ್ದವಳ ಗತ್ತಿನಲ್ಲಿ ಇನ್ನೊಂದಕ್ಕೆ ಒತ್ತಿದಳು.

ಶುಕ್ರವಾರ ಲ್ಯಾಬಿನಿಂದ ಕರೆ ಬಂತು. ಮೇಜಿನ ಮೇಲೆ ಎರಡು ತಟ್ಟೆ. ಒಂದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಇನ್ನೊಂದರಲ್ಲಿ ಐದು ಬೆರಳಿನ ಅಚ್ಚೂ ತುಂಬಿ ತುಳುಕುವಂತೆ ನಸುಗೆಂಪು ಬೆಳೆ.

"ನೋಡಿ, ನಾನು ಹೇಳಲಿಲ್ವಾ, ತೊಳೆಯದ ಕೈ ಅಂದ್ರೆ ಹೀಗೇ," ಎಂದಳು ಸೋಪಕ್ಕ.

ಡಾಕ್ಟರಮ್ಮ ತಟ್ಟೆಯನ್ನು ಮಗುಚಿ ಹಿಂಬದಿಯ ಚೀಟಿ ತೋರಿಸಿದಳು. 'ತೊಳೆದ ನಂತರ' ಎಂದಿತ್ತು.

"ಚೀಟಿ ಅದಲುಬದಲಾಗಿದೆ."

"ಇಲ್ಲ ಸೋಪಕ್ಕಾ. ಸಂಶಯ ಬಂದು ಮೊನ್ನೆಯೇ ಆ ಗೋಡೆ ಡಬ್ಬಿಯ ಸೋಪನ್ನೂ ತಂದು ಬೆಳೆಸಿದೆ. ಅದರಲ್ಲೂ ಇದೇ ಇದೆ. ಐದು ಮಕ್ಕಳ ರಕ್ತದಲ್ಲಿ ಸಿಕ್ಕಿದ್ದೂ ಇದೇ. ಆ ಡಬ್ಬೀನ ಕೊನೇ ಸಲ ಪೂರ್ತಿ ಖಾಲಿ ಮಾಡಿ ತೊಳೆದಿದ್ದು ಯಾವಾಗ?"

ತೊಳೆಯುವ ಸೋಪಿನ ಡಬ್ಬಿಯನ್ನು ಯಾರಾದರೂ ತೊಳೆಯುತ್ತಾರೆಯೇ? ನಿಮಗೂ ಹೊಳೆಯುತ್ತಿರಲಿಲ್ಲ, ನನಗೂ ಹೊಳೆಯುತ್ತಿರಲಿಲ್ಲ. ತಳದಲ್ಲಿ ಉಳಿದ ಹಳೆಯದು, ಅದರ ಮೇಲೆ ಹೊಸದು, ಜೊತೆಗೊಂದು ಲೋಟ ನಲ್ಲಿನೀರು. ವರ್ಷಗಟ್ಟಲೆ ಆ ತಳದಲ್ಲಿ ರೋಗಾಣು ಮನೆ ಮಾಡಿಕೊಂಡಿತ್ತು, ವಾರಕ್ಕೊಮ್ಮೆ ಸೋಪಕ್ಕನೇ ಸ್ಟೂಲು ಹತ್ತಿ ಅದಕ್ಕೆ ಉಣಬಡಿಸಿದ್ದಳು. ಗದರಿಸಿ ಗದರಿಸಿ ಎಲ್ಲರ ಕೈಗೂ ಅದನ್ನೇ ಬಳಿಸಿದ್ದಳು. ಕುರ್ಚಿ ಎಲ್ಲಿದೆ ಎಂದು ನೋಡದೆಯೇ ಕೂತಳು, ಪುಣ್ಯಕ್ಕೆ ಕುರ್ಚಿ ಅಲ್ಲಿತ್ತು.

"ಅವಳು ಗಂಟೆಗೊಂದ್ಸಲ ತೊಳೀತಿದ್ಲು," ಎಂದಳು. ಯಾರು ಎಂದು ಡಾಕ್ಟರಮ್ಮ ಕೇಳಲಿಲ್ಲ.

ಡಬ್ಬಿ ಕಿತ್ತರು. ಖಾಲಿಯಾದೊಡನೆ ಎಸೆಯುವ ಬಾಟಲಿಗಳು ಬಂದವು. ಮೂರು ವಾರದಲ್ಲಿ ಉಳಿದ ನಾಲ್ಕು ಮಕ್ಕಳ ಜ್ವರ ಇಳಿಯಿತು. ಆಸ್ಪತ್ರೆಯ ಮುಖ್ಯಸ್ಥರು ಸೋಪಕ್ಕನನ್ನು ಕರೆದು ಮೆಲ್ಲಗೆ ಹೇಳಿದರು.

"ಆಗಿದ್ದು ಆಗಿಹೋಯ್ತು. ಹೊರಗೆ ಬಾಯಿಬಿಡೋದು ಬೇಡ. ಹೋದ ಮಗು ವಾಪಸು ಬರುತ್ತಾ?"

"ಮಗು ಬರಲ್ಲ ಸರ್. ಆದ್ರೆ ಅದರ ತಾಯಿ ಇನ್ನೂ ಬದುಕಿದ್ದಾಳಲ್ಲ," ಎಂದು ಸೋಪಕ್ಕ ಎದ್ದಳು. ಕೆಲಸ ಉಳಿಯುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ.

ವಿಳಾಸ ಹುಡುಕಿ ಹೋದಾಗ ಹನ್ನೊಂದು ಗಂಟೆ. ಎರಡು ಕೋಣೆಯ ಬಾಡಿಗೆ ಮನೆ. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ಮೂಲೆಯಲ್ಲಿ ನಾಲ್ಕು ವರ್ಷದ ಹಿರಿಮಗಳು ತಲೆ ಕೆದರಿಕೊಂಡು ಕೂತಿದ್ದಳು. ಹಿತ್ತಿಲ ನಲ್ಲಿಯಲ್ಲಿ ನೀರು ಬೀಳುವ ಸದ್ದು.

"ತಿಂಗಳಾಯ್ತು, ಈ ಮಗೂನ ಮುಟ್ಟಲ್ಲ ನನ್ನ ಸೊಸೆ," ಎಂದಳು ಅತ್ತೆ. "ಊಟ ನಾನೇ ಮಾಡಿಸ್ತೀನಿ. ತಲೆ ಬಾಚೋಕೆ ನನಗೆ ಕಣ್ಣು ಕಾಣಲ್ಲ. ಅವಳು ಬೆಳಗಿಂದ ಸಂಜೆವರೆಗೂ ಕೈ ತೊಳೀತಾನೇ ಇರ್ತಾಳೆ."

ತಾಯಿ ಸೆರಗಿಗೆ ಕೈ ಒರೆಸುತ್ತ ಬಂದಳು. ಬೆರಳುಗಳು ಬಿರಿದು ಗಂಟುಗಳಲ್ಲಿ ರಕ್ತ ಜಿನುಗುತ್ತಿತ್ತು. ಸೋಪಕ್ಕ ನಿಂತಲ್ಲೇ, ತಡವರಿಸುತ್ತ, ಡಬ್ಬಿ, ನೀರು, ಶನಿವಾರ, ತಟ್ಟೆ ಎಲ್ಲವನ್ನೂ ಹೇಳಿದಳು.

"ಅಂದ್ರೆ ನನ್ನ ಕೈಯಲ್ಲ?"

"ನಿನ್ನ ಕೈಯಲ್ಲ."

"ನಾನು ಆವತ್ತು ತೊಳೀದೆ ಮುಟ್ಟಿದ್ದು?"

"ಅದರಿಂದ ಬಂದಿದ್ದಲ್ಲಮ್ಮಾ. ನಾನು ತುಂಬಿಸಿದ ಸೋಪಿಂದ. ನಾನೇ ನಿನ್ನ ಕೈಗೆ ಹಾಕಿಸಿದೆ."

ತಾಯಿ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಸೋಪಕ್ಕ ಏಟಿಗೆ ಕಾದವಳಂತೆ ನಿಂತಿದ್ದಳು. ಏಟು ಬೀಳಲಿಲ್ಲ. ತಾಯಿ ಕಿಟಕಿಯಲ್ಲಿದ್ದ ಬಾಚಣಿಗೆ ತೆಗೆದುಕೊಂಡು ಮೂಲೆಗೆ ಹೋಗಿ ಮಗಳ ಹಿಂದೆ ಕೂತಳು. ಬಿರಿದ ಬೆರಳುಗಳಿಂದ ಅವಳ ಕೂದಲ ಸಿಕ್ಕು ಬಿಡಿಸತೊಡಗಿದಳು. ಮಗು ಉಸಿರು ಬಿಗಿಹಿಡಿದು, ಅಲ್ಲಾಡದೆ ಕೂತಿತು.

"ನೀವಿನ್ನು ಹೋಗಿ ಸಿಸ್ಟರ್," ಎಂದಳು ತಾಯಿ, ತಲೆಯೆತ್ತದೆ.