ಹೊಳೆ ಇಳಿದ ಮೇಲೆ ಬಂದವರು

ಹಂಗಾರಕಟ್ಟೆಯ ಕಡೆ ಹೊಳೆ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವ ಜಾಗದಲ್ಲಿ, ದಂಡೆಯ ಒಳಮಗ್ಗುಲಿಗೆ ನಮ್ಮ ಮನೆ. ಆ ವರ್ಷದ ಆಟಿ ತಿಂಗಳ ಮಳೆಯಲ್ಲಿ ಘಟ್ಟದ ನೀರು ಮೇಲಿನಿಂದ ಇಳಿಯುತ್ತಿತ್ತು, ಭರತ ಬಂದು ಉಬ್ಬಿದ ಸಮುದ್ರ ಅದನ್ನು ಒಳಗೆ ಬಿಡಲೊಲ್ಲದೆ ಎದುರಿನಿಂದ ತಳ್ಳುತ್ತಿತ್ತು. ನಡುವೆ ಸಿಕ್ಕಿದ ದಂಡೆ ಒಡೆಯಿತು. ನಾನು ಬೆಳಗಿನ ದೋಸೆ ಹೊಯ್ಯುತ್ತಿದ್ದೆ. ಕಾವಲಿ ಒಲೆಯ ಮೇಲಿರುವಾಗಲೇ ನೀರು ಮೊಣಕಾಲಿಗೆ ಬಂತು. ಗಂಡ ಅತ್ತೆಯನ್ನು ಹೊತ್ತುಕೊಂಡರು, ನಾನು ಮಗಳ ಕೈ ಹಿಡಿದುಕೊಂಡೆ. ಮೈದುನ ಹಟ್ಟಿಗೆ ಓಡಿದ, ದನದ ಹಗ್ಗ ಬಿಚ್ಚಲಿಕ್ಕೆ.

ದನ ಬದುಕಿತು. ಈಜಿಕೊಂಡು ಹೋಗಿ ದೇವಸ್ಥಾನದ ದಿಬ್ಬ ಹತ್ತಿ ನಿಂತಿತ್ತು. ಮೈದುನ ಸಿಕ್ಕಿದ್ದು ನೀರಿಳಿದ ಮೇಲೆ, ಕೆಳಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಬೇರಿನ ಸಂದಿನಲ್ಲಿ. ಅವನಿಗೆ ಮದುವೆಯಾಗಿ ಬಹಳ ಕಾಲವಾಗಿರಲಿಲ್ಲ. ಅವನ ಹೆಂಡತಿ, ನನ್ನ ಓರಗಿತ್ತಿ, ಅಂದಿನಿಂದ ಮಾತು ಕಡಿಮೆ ಮಾಡಿದಳು. ಮನೆಯಲ್ಲಿ ಅವನ ಹೆಸರೆತ್ತಿದರೆ ಅತ್ತೆ ಊಟದ ಬಾಳೆಯ ಮುಂದಿನಿಂದ ಎದ್ದು ಹೋಗುತ್ತಿದ್ದರು. ಹಾಗಾಗಿ ನಾವು ಯಾರೂ ಎತ್ತುತ್ತಿರಲಿಲ್ಲ.

ನಾವು ಶಾಲೆಯ ಕೋಣೆಯಲ್ಲಿದ್ದಾಗ ಬಹಳ ಜನ ಬಂದುಹೋದರು. ಅಕ್ಕಿ ಕೊಟ್ಟರು, ಟಾರ್ಪಾಲು ಕೊಟ್ಟರು, ನಮ್ಮನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಮಳೆ ಬಿಟ್ಟ ಕೂಡಲೇ ಅವರೆಲ್ಲ ಬರುವುದು ನಿಂತಿತು. ಮನೆಗೆ ವಾಪಸ್ಸಾದರೆ ಅಡುಗೆಮನೆಯ ಗೋಡೆ ಇರಲಿಲ್ಲ. ಕೋಟದ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಬಟ್ಟೆ ಹೊಲಿಯುವವಳು ನಾನು. ಮನೆಯಲ್ಲಿ ಇಟ್ಟುಕೊಂಡಿದ್ದ ಹೊಲಿಗೆ ಮಿಷನ್ನಿನ ಒಳಗೆ ಮರಳು ತುಂಬಿತ್ತು. ಬಾವಿಯ ನೀರು ಉಪ್ಪಾಗಿತ್ತು, ಅದರಲ್ಲಿ ಏನೇನೋ ಕೊಳೆತಿತ್ತು.

ಆಮೇಲೆ ಬ್ರಹ್ಮಾವರದ ಕಡೆಯಿಂದ ಒಂದು ಬಿಳಿ ಓಮ್ನಿ ಬರತೊಡಗಿತು. ಅದರಿಂದ ಇಳಿದವರು ಇಬ್ಬರು. ಬೂದು ಬಣ್ಣದ ಸೀರೆಯ ವಯಸ್ಸಾದ ಹೆಂಗಸೊಬ್ಬರು, ಅವರನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಜೊತೆಗೆ ಗಟ್ಟಿ ಮೈಕಟ್ಟಿನ ಗಂಡಸು, ಅವರು ಬ್ರದರ್. ಸಿಸ್ಟರ್ ಕೇರಳದವರೆಂದು ಕೆಲವರು, ಮಂಗಳೂರಿನ ಆಚೆಯವರೆಂದು ಕೆಲವರು ಹೇಳಿದರು. ಅವರದು ಪುಸ್ತಕದ ಕನ್ನಡ. ನಮ್ಮ ಕಡೆಯ ಕೊಂಕಣಿ ಮಾತಾಡುವ ಕ್ರಿಶ್ಚಿಯನರು ನಮಗೆ ಹೊಸಬರಲ್ಲ, ಅವರ ಮದುವೆಗೆ ನಾವು, ನಮ್ಮ ಮದುವೆಗೆ ಅವರು ಹೋಗಿ ಬಂದು ಇದ್ದೇವೆ. ಇವರು ಆ ಪೈಕಿ ಅಲ್ಲ. ಫೋಟೋ ತೆಗೆಯಲಿಲ್ಲ, ಹೆಸರಿನ ಬ್ಯಾನರ್ ಕಟ್ಟಲಿಲ್ಲ. ನನಗೆ ಮೊದಲು ಅನುಮಾನ ಬಂದದ್ದೇ ಅದರಿಂದ. ಕೊಟ್ಟವರು ಹೆಸರು ಹೇಳಿಕೊಳ್ಳದೆ ಹೋಗುವುದನ್ನು ಆ ದಿನಗಳಲ್ಲಿ ನಾವು ನೋಡಿರಲಿಲ್ಲ.

ಅವರು ಕೊಟ್ಟ ಬಕೆಟ್ಟಿನಲ್ಲಿ ಸೋಪು, ಚಾಪೆ, ಬೇಳೆ, ಎಣ್ಣೆ ಇತ್ತು. ಓರಗಿತ್ತಿ ನೋಡುತ್ತಿದ್ದಂತೆ ನಾನು ಎಲ್ಲವನ್ನೂ ನೆಲಕ್ಕೆ ಸುರಿದು ಹುಡುಕಿದೆ. ಚಾಪೆ ಬಿಡಿಸಿ ಕೊಡವಿದೆ.

"ಎಂತ ಹುಡ್ಕೂದ್ ಅಕ್ಕ?" ಅಂದಳು.

"ಪುಸ್ತಕ ಗಿಸ್ತಕ ಇಟ್ಟಿರ್ಕ್. ಇಲ್ಲಾ ಅವ್ರ್ ದೇವ್ರ್ ಪಟ."

ಏನೂ ಇರಲಿಲ್ಲ. ಇದ್ದಿದ್ದರೆ ಎತ್ತಿ ಒಲೆಗೆ ಹಾಕಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇಲ್ಲದ್ದರಿಂದ, ಇನ್ನು ಯಾವಾಗ, ಹೇಗೆ ಎಂದು ಕಾಯುವ ಹಾಗಾಯಿತು.

ಬ್ರದರ್ ಕೇರಿಯ ಬಾವಿಗಳನ್ನು ಒಂದೊಂದಾಗಿ ತೊಳೆಯುತ್ತ ಬಂದರು. ಡೀಸೆಲ್ ಪಂಪು ಇಟ್ಟು ನೀರು ಖಾಲಿ ಮಾಡಿ, ಹಗ್ಗ ಕಟ್ಟಿಕೊಂಡು ಇಳಿದು, ಹೂಳನ್ನು ಬುಟ್ಟಿಯಲ್ಲಿ ಮೇಲಕ್ಕೆ ಕಳಿಸುತ್ತಿದ್ದರು. ನಮ್ಮ ಬಾವಿಯ ಹತ್ತಿರ ಮಾತ್ರ ಅತ್ತೆ ಬಿಡಲಿಲ್ಲ. ಮಾವ ಇದ್ದಷ್ಟು ಕಾಲ ದೇವಸ್ಥಾನದ ಚಾಕರಿ ಮಾಡಿದವರು. ದೇವರ ಅಭಿಷೇಕಕ್ಕೆ ಈ ಬಾವಿಯ ನೀರು ಹೋದ ದಿನಗಳಿದ್ದವು. ಅತ್ತೆ ಕಟ್ಟೆಯ ಮೇಲೆ ಕೂತುಬಿಟ್ಟರು. ನಾವು ದಿನಾ ದೂರದ ನಲ್ಲಿಯಿಂದ ಕೊಡ ಹೊತ್ತೆವು. ಗಂಡ ಶಾಲಾ ವ್ಯಾನ್ ಓಡಿಸುವವರು, ಕೆಲಸದಿಂದ ಬಂದು ವ್ಯಾನಿನಲ್ಲಿ ಕ್ಯಾನುಗಳನ್ನು ತುಂಬಿ ತರುತ್ತಿದ್ದರು.

ಒಂದು ಮಧ್ಯಾಹ್ನ ಸಿಸ್ಟರ್ ಒಬ್ಬರೇ ಬಂದು ಅಂಗಳದಲ್ಲಿ ನಿಂತರು. ಅತ್ತೆ ಕೂತಲ್ಲಿಂದಲೇ ಕರೆದರು.

"ಹ್ವಾಯ್, ನಿಮ್ಮತ್ರ ಒಂದ್ ಕೇಣ್ಕ್. ನೀವ್ ನಮ್ಗೆ ಇಷ್ಟೆಲ್ಲ ಮಾಡೂದ್ ಎಂತಕೆ?"

"ಮಾಡಬೇಕೆಂದು ನಮ್ಮ ದೇವರು ಹೇಳಿದ್ದಾನೆ ಅಮ್ಮ."

"ಅಷ್ಟೇಯಾ?"

ಸಿಸ್ಟರ್, "ಆ ದೇವರು ಯಾರು ಎಂದು ನೀವು ಕೇಳಿದರೆ ನನಗೆ ಸಂತೋಷವೇ. ಇಲ್ಲ ಅಂತ ಸುಳ್ಳು ಹೇಳಲಾರೆ. ಕೇಳದಿದ್ದರೂ ಬಾವಿ ತೊಳೆದು ಕೊಟ್ಟು ಹೋಗುತ್ತೇವೆ" ಅಂದರು.

"ನಾ ಕೇಂಬುದಿಲ್ಲೆ."

"ಆಯ್ತು ಅಮ್ಮ."

ಅತ್ತೆಗೆ ಈ ಉತ್ತರ ಹಿಡಿಸಿತು ಎಂದು ಕಾಣುತ್ತದೆ. ಮಾರನೆಯ ದಿನ ಒಪ್ಪಿದರು, ಇಳಿಯುವ ಮೊದಲು ಮೀಯಬೇಕು ಎನ್ನುವ ಶರತ್ತಿನ ಮೇಲೆ. ಬ್ರದರ್ ಮರುಮಾತಾಡದೆ ಅಂಗಿ ಬಿಚ್ಚಿ, ಅಂಗಳದಲ್ಲೇ ತಲೆ ಮೇಲೆ ನೀರು ಹೊಯ್ದುಕೊಂಡು ಒದ್ದೆ ಮೈಯಲ್ಲೇ ಇಳಿದರು. ಹೂಳಿನ ಜೊತೆ ನಮ್ಮ ಹಿತ್ತಾಳೆ ತಂಬಿಗೆ, ಯಾರದೋ ಚಪ್ಪಲಿ, ಸತ್ತ ಹಾವು ಎಲ್ಲ ಮೇಲೆ ಬಂತು. ಕೆಲಸ ಮುಗಿದ ವಾರದಲ್ಲಿ ಅತ್ತೆ ಭಟ್ಟರನ್ನು ಕರೆಸಿ ಬಾವಿಗೆ ಪುಣ್ಯಾಹ ಮಾಡಿಸಿದರು. ಸಿಸ್ಟರ್ ಅದನ್ನೂ ನೋಡಲು ಬಂದರು. ತೆಂಗಿನಮರದ ಬುಡದಲ್ಲಿ ನಿಂತು, ಕೈ ಕಟ್ಟಿಕೊಂಡು, ಮುಗಿಯುವವರೆಗೆ ನೋಡಿದರು. ಅವರಿಗೆ ಬೇಜಾರಾಗಿರಬಹುದು ಎಂದು ನಾನು ಮುಖ ನೋಡಿದೆ. ಏನೂ ಗೊತ್ತಾಗಲಿಲ್ಲ. ಇಷ್ಟು ತಾಳ್ಮೆ ಇರುವವರ ಹತ್ತಿರ ಹುಷಾರಾಗಿರಬೇಕು ಎಂದುಕೊಂಡೆ.

ಆಮೇಲೆ ಅವರು ನನ್ನನ್ನೇ ಹುಡುಕಿಕೊಂಡು ಬಂದರು. ಐಸ್ ಪ್ಲಾಂಟಿನ ಹಳೇ ಶೆಡ್ಡಿನಲ್ಲಿ ಹೊಲಿಗೆ ಮಿಷನ್ನುಗಳನ್ನು ಇಡುತ್ತೇವೆ, ಕೇರಿಯ ಹೆಂಗಸರಿಗೆ ನೀವೇ ಕಲಿಸಬೇಕು ಎಂದರು. ನನ್ನ ಮರಳು ತುಂಬಿದ ಮಿಷನ್ನನ್ನು ಅಷ್ಟರಲ್ಲಿ ಬ್ರದರ್ ಬಿಚ್ಚಿ, ಎಣ್ಣೆ ಬಿಟ್ಟು, ಸರಿ ಮಾಡಿ ಕೊಟ್ಟಿದ್ದರು. ಇಲ್ಲ ಎನ್ನುವುದು ಕಷ್ಟವಾಯಿತು.

"ಹೊಲ್ಗಿ ಹೊತ್ತಿಗೆ ಪ್ರಾರ್ಥನೆ ಇಪ್ಪುಕಾಗ" ಅಂದೆ.

"ಇರುವುದಿಲ್ಲ" ಎಂದರು ಸಿಸ್ಟರ್.

ಇರಲಿಲ್ಲ. ಮೀನಿನ ಕೆಲಸದ ಹೆಂಗಸರು, ಗದ್ದೆಯ ಹೆಂಗಸರು ಬಂದು ಬಾಬಿನ್ ಹಾಕಲು ಕಲಿತರು, ಬ್ಲೌಸ್ ಕಟಿಂಗ್ ಕಲಿತರು. ಸಿಸ್ಟರ್ ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದರು. ಆದರೆ ತರಗತಿ ಮುಗಿದ ಮೇಲೆ ಕೆಲವರು ಹೊರಡುತ್ತಿರಲಿಲ್ಲ. ಅವರಲ್ಲಿ ನನ್ನ ಓರಗಿತ್ತಿಯೂ ಒಬ್ಬಳು. "ನೀವ್ ಹೋಯ್ನಿ ಅಕ್ಕ, ನಾ ಬತ್ತೆ" ಎನ್ನುವಳು. ಮನೆಗೆ ಬಂದಾಗ ಅವಳ ಕಣ್ಣು ಕೆಂಪಾಗಿರುತ್ತಿತ್ತು, ಮುಖ ಮಾತ್ರ ಹಗುರ. ಅತ್ತೆ ನನ್ನನ್ನು ನೋಡುವರು. ನಾನು ಒಲೆಯ ಕಡೆ ತಿರುಗುವೆ.

ಬೈಕಿನಲ್ಲಿ ಇಬ್ಬರು ಯುವಕರು ಬಂದದ್ದು ಆಗಲೇ. ನಮ್ಮವರೇ, ನೆರೆಯಲ್ಲಿ ಶಾಲೆಗೆ ಗಂಜಿ ತಂದು ಬಡಿಸಿದವರು.

"ಅಕ್ಕ, ಅವ್ರ್ ಶುರು ಮಾಡೂದೇ ಹೀಂಗೆ. ಮೊದ್ಲ್ ಅಕ್ಕಿ, ಮತ್ತ್ ಹೊಲ್ಗಿ, ಮತ್ತ್ ಪ್ರಾರ್ಥನೆ. ಹೆಂಗಸ್ರನ್ನ ಸೇರ್ಸಿ ಕೊಡೂದ್ ನೀವೇ ಆತ್ರಿ, ಕಾಣಿ."

ನನ್ನ ಮನಸ್ಸಿನಲ್ಲಿದ್ದದ್ದನ್ನೇ ಇನ್ನೊಬ್ಬರು ಹೇಳಿದಾಗ ನನಗೆ ಸಿಟ್ಟು ಬಂತು. "ಅಷ್ಟ್ ಹೆದ್ರಿಕಿ ಇದ್ರೆ ನೀವೇ ಮಿಷನ್ ತಂದ್ ಕೊಡಿ. ಕಲ್ಸೂಕ್ ನಾ ಅಲ್ಲಿಗೂ ಬತ್ತೆ" ಅಂದೆ.

"ಹೇಳ್ತೊ, ಮೇಲಿನವ್ರತ್ರ" ಎಂದರು. ಮಿಷನ್ ಬರಲಿಲ್ಲ. ಬದಲಿಗೆ ನಮ್ಮ ತರಗತಿಯ ಫೋಟೋ ಯಾರದೋ ಮೊಬೈಲಿನಿಂದ ಇನ್ಯಾರದೋ ಮೊಬೈಲಿಗೆ ತಿರುಗತೊಡಗಿತು. ನಾನು ಕತ್ತರಿ ಹಿಡಿದು ನಿಂತಿದ್ದ ಫೋಟೋ. ಕಿಟಕಿಯ ಹೊರಗಿನಿಂದ ತೆಗೆದದ್ದು. ಅಲ್ಲಿಂದ ಮುಂದೆ ನನಗೆ ಒಳಗಿನವರ ಮೇಲೂ ಹೊರಗಿನವರ ಮೇಲೂ ನಂಬಿಕೆ ಉಳಿಯಲಿಲ್ಲ. ದಾರಿಯಲ್ಲಿ ಬೈಕ್ ನಿಧಾನವಾದರೆ ಸೆರಗು ಬಿಗಿ ಹಿಡಿಯುತ್ತಿದ್ದೆ.

ಅದೇ ವಾರ, ತರಗತಿ ಮುಗಿಸಿ ಅರ್ಧ ದಾರಿ ಹೋದವಳು ಕತ್ತರಿ ಮರೆತೆನೆಂಬ ನೆಪ ಮಾಡಿಕೊಂಡು ಹಿಂತಿರುಗಿದೆ. ಶೆಡ್ಡಿನ ಹಿಂದಿನ ಕಿಟಕಿಗೆ ಗೋಣಿ ಕಟ್ಟಿತ್ತು. ಅದರ ಪಕ್ಕ ನಿಂತೆ. ಬೇರೆಯವರು ಹೋಗಿಯಾಗಿತ್ತು. ಒಳಗೆ ಓರಗಿತ್ತಿಯ ದನಿ.

"ಅವ್ರಿಗೆ ಈಜೂಕ್ ಲಾಯ್ಕ್ ಬತ್ತಿತ್ ಸಿಸ್ಟರ್. ಅದೇ ನಂಗ್ ಅರ್ಥ ಆತಿಲ್ಲೆ. ದನ ದಾಟ್ಕಂಡ್ ಹೋಯ್ತ್. ಅವ್ರಿಗೆ ಎಂತಕೆ ಆಯಿಲ್ಲೆ?"

ಉತ್ತರ ಇಲ್ಲಿ ಬರುತ್ತದೆ, ಅವರ ದೇವರು ಇಲ್ಲೇ ಬರುತ್ತಾನೆ ಎಂದು ನಾನು ಕಿವಿಗೊಟ್ಟೆ. ಸಿಸ್ಟರ್, "ಅವರು ಹೇಗಿದ್ದರು? ಹೇಳು" ಎಂದರು ಅಷ್ಟೆ.

ಅವಳು ಹೇಳಿದಳು. ಮೈದುನ ಸಾರಿಗೆ ಉಪ್ಪು ಕಡಿಮೆಯಾದರೆ ಉಪ್ಪಿನ ಭರಣಿಯನ್ನೇ ಎತ್ತಿ ಅವಳ ಮುಂದೆ ಇಡುತ್ತಿದ್ದುದು, ಬೈಂದೂರಿನ ಅವಳ ತವರಿಗೆ ಹೋಗುವಾಗ ಬಸ್ಸಿನಲ್ಲಿ ಅವಳ ಹೆಗಲಿಗೆ ಒರಗಿ ನಿದ್ದೆ ಮಾಡಿ, ಎಬ್ಬಿಸಿದರೆ ನಿದ್ದೆ ಮಾಡಿಲ್ಲ ಎಂದು ವಾದಿಸುತ್ತಿದ್ದುದು. ಹೇಳುತ್ತ ಹೇಳುತ್ತ ನಕ್ಕಳು. ಅವಳ ನಗುವನ್ನು ನಾನು ನೆರೆ ಬಂದ ಮೇಲೆ ಮೊದಲ ಸಲ ಕೇಳಿದ್ದು, ಗೋಣಿಯ ಆಚೆಯಿಂದ. ಕಡೆಗೆ ಸಿಸ್ಟರ್ ಮೆಲ್ಲಗೆ ಪ್ರಾರ್ಥನೆ ಹೇಳಿದರು. ಅದರಲ್ಲಿ ಯೇಸುವಿನ ಹೆಸರಿತ್ತು, ನಮ್ಮ ಮೈದುನನ ಹೆಸರೂ ಇತ್ತು.

ನಾನು ಒಳಗೆ ಹೋಗಲಿಲ್ಲ. ಬಿರಬಿರನೆ ಮನೆಯ ಕಡೆ ನಡೆದೆ. ನಮ್ಮ ಮನೆಯ ಸಾವನ್ನು ನಮ್ಮ ಮನೆಯ ಹುಡುಗಿ ಹೊರಗಿನವರ ಮುಂದೆ ಬಿಚ್ಚಿಟ್ಟಿದ್ದಳು. ಬಲೆ ಎಂದರೆ ಇದೇ ಇರಬಹುದು, ಅನಿಸಿತು. ಅಕ್ಕಿ ಬೇಳೆಗೆ ಯಾರು ಜಾತಿ ಬಿಡುತ್ತಾರೆ? ಕೂತು ಕೇಳುವವರಿಗಾದರೆ ಬಿಟ್ಟಾರು. ಹಾಗೆಂದು ನಾನು ಅವಳನ್ನು ತಡೆಯಲೂ ಇಲ್ಲ. ತಡೆದು, ಬಾ ನನ್ನ ಹತ್ತಿರ ಹೇಳು ಎನ್ನಲು, ಅತ್ತೆ ಇರುವ ಮನೆಯಲ್ಲಿ ಜಾಗ ಎಲ್ಲಿತ್ತು?

ಚಳಿಗಾಲಕ್ಕೆ ಅವರು ಶೆಡ್ಡು ಖಾಲಿ ಮಾಡಿದರು. ಗುಡ್ಡ ಕುಸಿದ ಇನ್ನೊಂದು ಊರಿಗೆ ಹೋಗುತ್ತೇವೆ ಎಂದರು. ಮಿಷನ್ನುಗಳನ್ನು ಕಲಿತ ಹೆಂಗಸರ ಮನೆಗಳಿಗೆ ಕೊಟ್ಟರು. ನಮ್ಮ ಅಡುಗೆಮನೆಯ ಗೋಡೆಯನ್ನು ಅಷ್ಟರಲ್ಲಿ ಕೆಂಪು ಕಲ್ಲಿನಲ್ಲಿ ಎಬ್ಬಿಸಿ ಕೊಟ್ಟಿದ್ದರು. ಹೋಗುವಾಗ ಕೇಳುತ್ತಾರೆ, ಕಡೆಗೆ ಕೇಳಿಯೇ ಕೇಳುತ್ತಾರೆ ಎಂದು ನಾನು ಕಾದೆ. ಸಿಸ್ಟರ್ ಅತ್ತೆಗೆ ಕೈ ಮುಗಿದು, ಒಂದು ಲೋಟ ನೀರು ಕೇಳಿ ಕುಡಿದು, ಓಮ್ನಿ ಹತ್ತಿದರು.

ಸ್ವಲ್ಪ ದಿನಕ್ಕೆ ಓರಗಿತ್ತಿ, ಕುಂದಾಪುರದ ಹತ್ತಿರ ಸಿಸ್ಟರ್ ಪೈಕಿಯವರ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಹೋಗುತ್ತೇನೆ ಎಂದಳು.

"ಅವ್ರ್ ಕರದ್ರಾ?" ಎಂದು ಕೇಳಿದೆ.

"ಇಲ್ಲೆ. ನಾನೇ ಕೇಂಡದ್."

ಹೀಗೆಯೇ ಹೇಳು ಎಂದು ಹೇಳಿಕೊಟ್ಟಿರಬಹುದೇ ಎಂದು ಯೋಚಿಸಿದೆ. ಗಂಡ ಬೇಡವೆಂದರು. ಅತ್ತೆ ಬೇಕೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವಳು ಹೋದಳು.

ತಿಂಗಳು ಕಳೆದ ಮೇಲೆ ಅತ್ತೆ ಒಂದು ಬೆಳಿಗ್ಗೆ ಸೀರೆ ಉಟ್ಟು ತಯಾರಾಗಿ, "ಹೋಯ್ ಕಂಡ್ಕಂಡ್ ಬಪ್ಪ, ಹೊರ್ಡ್" ಎಂದರು. ಕೋಟದಲ್ಲಿ ಬಸ್ಸು ಹತ್ತಿದೆವು. ಆಶ್ರಮದ ಪಡಸಾಲೆಯಲ್ಲಿ ದೊಡ್ಡ ಶಿಲುಬೆ ಇತ್ತು. ಅತ್ತೆ ಅದರ ಕಡೆ ನೋಡದೆ ದಾಟಿದರು. ಓರಗಿತ್ತಿ ಒಬ್ಬ ಅಜ್ಜಿಯ ತಲೆ ಬಾಚುತ್ತಿದ್ದಳು. ಮೈ ತುಂಬಿಕೊಂಡಿದ್ದಳು. ನಾನು ಮೊದಲು ನೋಡಿದ್ದು ಅವಳ ಕೊರಳು. ಶಿಲುಬೆಯ ಸರ ಇರಲಿಲ್ಲ, ಬರಿದಾಗಿತ್ತು. ಅವಳ ಕೋಣೆಯಲ್ಲಿ ಮೈದುನನ ಫೋಟೋ ಇತ್ತು, ನಮ್ಮ ಮನೆಯಲ್ಲಿ ಅತ್ತೆಗೆ ಹೆದರಿ ಯಾರೂ ಗೋಡೆಗೆ ಹಾಕದಿದ್ದ ಫೋಟೋ.

ಅತ್ತೆ ಅದನ್ನು ನೋಡಿದರು. ಎದ್ದು ಹೋಗಲಿಲ್ಲ. ಮಂಚದ ಮೇಲೆ ಕೂತರು.

"ಜಾತಿ ಬಿಟ್ಯಾ ಮಗಾ?"

"ಬಿಡಿಲ್ಲೆ ಅತ್ತೆ. ಬಿಡ್ ಅಂದೇಳಿ ಯಾರೂ ಹೇಳಿಲ್ಲೆ."

"ಆದಿತ್ಯವಾರ ಎಂತ ಮಾಡ್ತೆ?"

"ಅವ್ರ್ ಹಾಡುವತಿಗೆ ಹಿಂದೆ ಕೂಕಂತೆ. ಕೇಂಬುಕೆ ಲಾಯ್ಕ್ ಆತ್ತ್."

ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಅತ್ತೆ, ಕೋಟ ಹತ್ತಿರ ಬಂದ ಮೇಲೆ, "ಹೆಣ್ ಸುಳ್ಳ್ ಹೇಳಿಲ್ಲೆ, ಅಲ್ದಾ?" ಎಂದರು.

"ಹಾಂಗೇ ಕಾಂತ್ ಅತ್ತೆ" ಅಂದೆ. ನನಗೆ ಖಾತ್ರಿ ಇರಲಿಲ್ಲ.

ಮೈದುನನ ವರ್ಷಾಂತಿಕಕ್ಕೆ ಅವಳು ಬಂದಳು. ಬೆಳಿಗ್ಗೆ ಬೇಗ ಎದ್ದು, ತೊಳೆದ ಬಾವಿಯಿಂದ ನೀರು ಸೇದಿ ಮಿಂದು, ಅತ್ತೆಯ ಜೊತೆ ಅಡುಗೆಗೆ ನಿಂತಳು. ಇಬ್ಬರೂ ಮೈದುನನ ವಿಷಯವನ್ನೇ ಮಾತಾಡುತ್ತಿದ್ದರು, ಅವನಿಗೆ ಯಾವ ಪಲ್ಯ ಸೇರುತ್ತಿತ್ತು, ಯಾವುದು ಸೇರುತ್ತಿರಲಿಲ್ಲ ಎಂದು. ಗಂಡ ಪಿಂಡ ಇಟ್ಟರು. ಕಾಗೆಗಳು ಬಂದವು. ಓರಗಿತ್ತಿ ತುಸು ದೂರದಲ್ಲಿ ಕಣ್ಣು ಮುಚ್ಚಿ ಕೈ ಜೋಡಿಸಿ ನಿಂತಿದ್ದಳು. ಅವಳ ತುಟಿ ಆಡುತ್ತಿತ್ತು. ಯಾವ ದೇವರಿಗೆ ಏನು ಹೇಳುತ್ತಿದ್ದಾಳೆಂದು ತಿಳಿಯಲು ನಾನು ಎರಡು ಹೆಜ್ಜೆ ಹತ್ತಿರ ಸರಿದೆ. ಕಾಗೆಗಳ ಗಲಾಟೆಯಲ್ಲಿ ಕೇಳಿಸಲಿಲ್ಲ.