ಗುಂಡಿಯಿಲ್ಲದ ಫೋನಿನ ಶುಭಾರಂಭ

ಹೊಸ ಫೋನು ಕೊಂಡವರಿಗೆ ಮೊದಲು ಆಗುವ ಅನುಭವ ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ, ಫೋನೇ ಇಲ್ಲದಿರುವ ಅನುಭವ ಎಂದು ಹೇಳುತ್ತೇನೆ. ಬೇರೆಯವರು ಗಾಜಿನ ನುಣುಪು, ಒಳಗಿನ ಬೆಳಕು, ಬೆರಳು ಸವರಿದರೆ ಚಿತ್ರ ಜಾರುವ ಚೆಂದ ಇತ್ಯಾದಿ ವರ್ಣಿಸುತ್ತಾರೆ. ಅವೆಲ್ಲ ನಿಜವೇ. ನನಗೂ ಕಂಡವು, ಆದರೆ ಬಹಳ ತಡವಾಗಿ. ಅದಕ್ಕೆ ಮುಂಚೆ ಸುಮಾರು ಮೂರು ಗಂಟೆಯ ಕಾಲ ನನ್ನ ಬಲಗೈಯಲ್ಲೊಂದು ಫೋನು, ಎಡಗೈಯಲ್ಲೊಂದು ಫೋನು ಇದ್ದು, ಎರಡರಲ್ಲಿ ಯಾವುದಕ್ಕೆ ಕರೆದರೂ ನಾನು ಸಿಗುವಂತಿರಲಿಲ್ಲ.

ಗುಂಡಿಗಳಿಲ್ಲದ ಫೋನುಗಳು ಆಗಷ್ಟೇ ಬಂದಿದ್ದವು. ನಾನು ಟೆಕ್ಸಾಸಿನ ರಿಚರ್ಡ್‌ಸನ್‌ನಲ್ಲಿ ಎಂ.ಎಸ್. ಮುಗಿಸಿ, ಹುಬ್ಬಳ್ಳಿಯ ಇಮ್ತಿಯಾಜನ ಜೊತೆ ಒಂದು ಅಪಾರ್ಟ್‌ಮೆಂಟಿನಲ್ಲಿ ಕೆಲಸ ಹುಡುಕುತ್ತ ಕೂತಿದ್ದೆ. ಕೂತಿದ್ದೆ ಎನ್ನುವುದು ಅಕ್ಷರಶಃ ನಿಜ. ನಮ್ಮಲ್ಲಿ ಕುರ್ಚಿಗಳಿರಲಿಲ್ಲ, ಊಟ, ಓದು, ನಿದ್ದೆ, ನಿರಾಸೆ ಎಲ್ಲವೂ ಕಾರ್ಪೆಟ್ಟಿನ ಮೇಲೆಯೇ. ಓದು ಮುಗಿದ ಮೇಲೆ ಕೆಲಸವಿಲ್ಲದೆ ಇಷ್ಟು ದಿನ ಮಾತ್ರ ಇರಬಹುದು, ಆಮೇಲೆ ಊರಿನ ವಿಮಾನ ಹತ್ತಬೇಕು ಎಂದು ಅಲ್ಲಿಯ ಸರಕಾರದ ನಿಯಮ. ನನ್ನ ಪಾಲಿಗೆ ಹತ್ತೊಂಬತ್ತು ದಿನ ಉಳಿದಿದ್ದವು. ಅಷ್ಟರಲ್ಲಿ ಆಸ್ಟಿನ್ನಿನ ಒಂದು ಕಂಪನಿಯವರು, ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಮ್ಯಾನೇಜರು ಫೋನ್ ಮಾಡಿ ಇಂಟರ್‌ವ್ಯೂ ಮಾಡುತ್ತಾರೆಂದು ಮೇಲ್ ಕಳಿಸಿದರು.

ಕೆಲಸ ಯಾವುದು ಗೊತ್ತೇ? ಈ ಹೊಸ ಬಗೆಯ ಫೋನುಗಳ ಸಾಫ್ಟ್‌ವೇರನ್ನು ಪರೀಕ್ಷಿಸಿ ನೋಡುವುದು. ರೆಸ್ಯುಮೆಯಲ್ಲಿ ನಾನು ಇಂಥ ಫೋನುಗಳ ನಿಕಟ ಪರಿಚಯವಿದೆ ಎಂದು ಬರೆದಿದ್ದೆ. ನಿಕಟ ಪರಿಚಯವೆಂದರೆ, ಅಂಗಡಿಯಲ್ಲಿ ಮೇಜಿಗೆ ಕಟ್ಟಿಹಾಕಿದ್ದ ಒಂದು ಫೋನನ್ನು, ಸಂತೆಯಲ್ಲಿ ಎಮ್ಮೆಯ ಬೆನ್ನು ಸವರುವವನಂತೆ ಎರಡು ಸಲ ಸವರಿ ಬಂದಿದ್ದೆ. ಸುಳ್ಳನ್ನು ಆದಷ್ಟು ಬೇಗ ನಿಜ ಮಾಡಬೇಕೆಂಬ ಸದುದ್ದೇಶದಿಂದ ಫೋನು ತರಿಸಿದೆ. ಅದು ಬುಧವಾರ ಸಂಜೆ ಬಂತು.

ಇಮ್ತಿಯಾಜ ಡಬ್ಬಿಯನ್ನು ನೋಡಿ ಒಂದೇ ಮಾತು ಹೇಳಿದ: "ಇಂಟರ್‌ವ್ಯೂ ಮುಗಿಯೂ ಮಟ ಅದನ್ನ ಮುಟ್ಟಬ್ಯಾಡಲೇ." ಅವನು ಮಿತಭಾಷಿ, ದಿನಕ್ಕೆ ಐದಾರು ವಾಕ್ಯಗಳಷ್ಟೇ. ಅವನ ಪಾಲಿನ ಮಿಕ್ಕ ಮಾತುಗಳನ್ನು ಅವನದೇ ಧ್ವನಿಯಲ್ಲಿ ನಾನು ಆಡಿ ಮುಗಿಸುತ್ತಿದ್ದೆ. ಬೇರೆಯವರ ಧ್ವನಿ ಮಾಡುವುದು ನನಗೆ ಸಣ್ಣಂದಿನಿಂದ ಅಂಟಿದ ಚಟ. ಸಿಕ್ಕವರೆಲ್ಲ ನನ್ನ ಗಂಟಲಿಗೆ ಒಂದೊಂದು ವಾರ ಅತಿಥಿಗಳು.

ಡಬ್ಬಿ ಮುಟ್ಟದೆ ಇರಲು ನಾನೂ ತೀರ್ಮಾನಿಸಿದ್ದೆ. ಕೆಡಿಸಿದ್ದು ಅಮ್ಮ. ಮೈಸೂರಿನಿಂದ ಫೋನು ಮಾಡಿದವಳು ಇಂಟರ್‌ವ್ಯೂ ಗುರುವಾರ ಎರಡು ಗಂಟೆಗೆಂದು ತಿಳಿದೊಡನೆ, ಒಂದೂವರೆಯಿಂದ ಮೂರರವರೆಗೆ ರಾಹುಕಾಲ ಅಲ್ಲವೇನೋ ಎಂದು ಗಾಬರಿಯಾದಳು. ಮೈಸೂರಿನ ರಾಹುಕಾಲ ಟೆಕ್ಸಾಸಿಗೆ ಹೇಗಮ್ಮ ಅನ್ವಯವಾಗುತ್ತೆ, ಇಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನೇ ಒಂದು ಗಂಟೆ ಮುಂದೆ ತಳ್ಳುತ್ತಾರೆ ಎಂದು ಖಗೋಳವನ್ನೆಲ್ಲ ಹೇಳಿ ನೋಡಿದೆ. ಉಪಯೋಗವಾಗಲಿಲ್ಲ. ಅಮ್ಮನ ಲೆಕ್ಕದಲ್ಲಿ ರಾಹುವು ನಮ್ಮ ಮನೆಯ ಗೋಡೆ ಕ್ಯಾಲೆಂಡರನ್ನು ಕಂಕುಳಲ್ಲಿಟ್ಟುಕೊಂಡೇ ದೇಶಾಂತರ ಹೋಗುತ್ತಾನೆ. ಕೊನೆಗೆ ಅವಳೇ ದಾರಿ ಹುಡುಕಿದಳು. ಮೊದಲೇ ಆರಂಭವಾಗಿ ನಡೆಯುತ್ತಿರುವ ಕೆಲಸಕ್ಕೆ ರಾಹುಕಾಲದ ದೋಷ ತಟ್ಟುವುದಿಲ್ಲ. ಆದ್ದರಿಂದ ಹೊಸ ಫೋನನ್ನು ಹನ್ನೆರಡರೊಳಗೆ ಶುರು ಮಾಡಿಬಿಡು. ಎರಡಕ್ಕೆ ಬರುವ ಕರೆ ಅದರ ಮುಂದುವರಿಕೆಯಾಗುತ್ತದೆ ಎಂದಳು. ಸಾಫ್ಟ್‌ವೇರಿನವರಿಗೂ ಇಷ್ಟು ನಾಜೂಕಾದ ಅಡ್ಡದಾರಿ ಹೊಳೆಯುವುದಿಲ್ಲ. ಅಮ್ಮನ ನಂಬಿಕೆಗಳನ್ನು ಅವಳ ಧ್ವನಿಯಲ್ಲೇ ಅಣಕಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ಗುರುವಾರ ಹನ್ನೊಂದಕ್ಕೆ ಸ್ನಾನ ಮಾಡಿ, ಪೂರ್ವಕ್ಕೆ ಮುಖ ಮಾಡಿ ಕೂತು ಡಬ್ಬಿ ತೆರೆದವನೂ ನಾನೇ.

ಮೊದಮೊದಲು ಎಲ್ಲವೂ ಸುಗಮ. ಡಬ್ಬಿಯ ಮುಚ್ಚಳ ನಿಟ್ಟುಸಿರು ಬಿಡುತ್ತ ಮೇಲೆದ್ದಿತು. ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿದೆ. ಅದು ಒಂದು ಉದ್ದನೆಯ ಕರಾರುಪತ್ರ ತೋರಿಸಿತು, ಓದದೆ ಒಪ್ಪಿದೆ. ಹೊಸ ಸಿಮ್ಮಿನ ಮೇಲಿದ್ದ ಅಂಕಿಗಳನ್ನು ಕೇಳಿತು, ಕೊಟ್ಟೆ. ನಿಮ್ಮ ನಂಬರು ಹಳೆಯ ಸಿಮ್ಮನ್ನು ಬಿಟ್ಟು ಹೊರಟಿದೆ ಎಂದಿತು, ಸಂತೋಷಪಟ್ಟೆ. ಪಕ್ಕದಲ್ಲಿದ್ದ ಹಳೆಯ ಫೋನಿನ ಸಿಗ್ನಲ್ ಕಡ್ಡಿಗಳು, ಊಟವಾದ ಮೇಲೆ ಮದುವೆಮನೆಯ ನೆಂಟರು ಏಳುವ ಹಾಗೆ, ಒಂದೊಂದಾಗಿ ಎದ್ದುಹೋದವು. ಆಗ ಕಂಪ್ಯೂಟರು ತನ್ನ ಕೊನೆಯ ಪ್ರಶ್ನೆಯನ್ನು ಮುಂದಿಟ್ಟಿತು: ನಿಮ್ಮ ಕುಟುಂಬದ ಯಜಮಾನರ ಸೋಶಿಯಲ್ ಸೆಕ್ಯುರಿಟಿ ನಂಬರಿನ, ಅಂದರೆ ಸರಕಾರ ಕೊಟ್ಟ ಗುರುತಿನ ಸಂಖ್ಯೆಯ, ಕೊನೆಯ ನಾಲ್ಕು ಅಂಕಿ ಯಾವುವು?

ಇಲ್ಲಿ ನಮ್ಮ ಕುಟುಂಬದ ಪರಿಚಯ ಮಾಡಿಕೊಡಬೇಕು. ಫೋನ್ ಕಂಪನಿಗಳಲ್ಲಿ ಫ್ಯಾಮಿಲಿ ಪ್ಲಾನ್ ಎಂಬ ಅಗ್ಗದ ಏರ್ಪಾಡು ಇರುತ್ತದೆ. ಗಂಡ, ಹೆಂಡತಿ, ಮಕ್ಕಳು ಒಂದೇ ಖಾತೆಯಲ್ಲಿ ಮಾತಾಡಿಕೊಂಡಿರಲಿ ಎಂದು ಅವರ ಉದ್ದೇಶ. ನಮ್ಮೂರುಗಳಿಂದ ಓದಲು ಬಂದವರು ಅದನ್ನು ಬೇರೆಯಾಗಿ ಅರ್ಥ ಮಾಡಿಕೊಂಡಿದ್ದೆವು. ಅದರಂತೆ ಮೈಸೂರಿನ ನಾನು, ಹುಬ್ಬಳ್ಳಿಯ ಇಮ್ತಿಯಾಜ, ಮಂಗಳೂರಿನ ಒಬ್ಬ ಡಿಸೋಜ ಮತ್ತು ಮಂಡ್ಯದ ಶ್ರೀನಾಥಣ್ಣ ಒಂದು ಅವಿಭಕ್ತ ಕುಟುಂಬ. ಆಸ್ತಿಪಾಸ್ತಿ ಇಲ್ಲದ ಕಾರಣ ಒಳಜಗಳವೂ ಇರಲಿಲ್ಲ. ಮೊದಲು ಖಾತೆ ತೆರೆದ ಶ್ರೀನಾಥಣ್ಣನೇ ಯಜಮಾನ. ಅವನು ಓದು ಮುಗಿಸಿ, ಕೆಲಸ ಸಿಕ್ಕಿ, ಮದುವೆಯಾಗಿ, ಹೂಸ್ಟನ್ನಿನ ಪಕ್ಕದ ಕೇಟಿಯಲ್ಲಿ ಮನೆ ಮಾಡಿ ಎರಡು ವರ್ಷವಾಗಿದ್ದರೂ ಕುಟುಂಬ ಪಾಲಾಗಿರಲಿಲ್ಲ.

ಇಮ್ತಿಯಾಜನ ಫೋನಿನಿಂದ ಶ್ರೀನಾಥಣ್ಣನಿಗೆ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಹನ್ನೊಂದು ಸಲ ಮಾಡಿದೆ. ಆಮೇಲೆ ಫೋನ್ ಕಂಪನಿಗೆ ಮಾಡಿದೆ. ಅಲ್ಲಿನ ಹೆಂಗಸು ಪ್ರತಿ ವಾಕ್ಯಕ್ಕೂ ನನ್ನನ್ನು ಹನಿ, ಎಂದರೆ ಜೇನೇ, ಎಂದು ಕರೆಯುತ್ತ, ಅಷ್ಟೇ ಮಧುರವಾಗಿ ಯಜಮಾನರಿಲ್ಲದೆ ಏನೂ ಆಗದು ಎಂದಳು. ಇಮ್ತಿಯಾಜ ಮೆಲ್ಲಗೆ, "ನೀನ ಶ್ರೀನಾಥ್ ಆಗಲೇ. ವಾರಕ್ಕೊಮ್ಮೆ ಆಗ್ತಿಯಲ್ಲ," ಎಂದ. ಆಗಬಹುದಿತ್ತು. ಅವನು ಮಾತಿಗೆ ಮುಂಚೆ ಒಮ್ಮೆ ಕೆಮ್ಮಿ, "ಏನಪ್ಪಾ ಅಂದ್ರೆ" ಎಂದು ಶುರು ಮಾಡುವ ಠೀವಿ ನನಗೆ ಕರತಲಾಮಲಕ. ಆದರೆ ಕಂಪನಿಗೆ ಬೇಕಾದದ್ದು ಅವನ ಕೆಮ್ಮಲ್ಲ, ಅಂಕಿಗಳು.

ಗಂಟೆ ಹನ್ನೆರಡೂವರೆ. ತ್ರಿಶಂಕುವಿಗಾದರೂ ಕೆಳಗೆ ಭೂಮಿ, ಮೇಲೆ ಸ್ವರ್ಗ ಕಾಣುತ್ತಿತ್ತು. ನನ್ನ ನಂಬರು ಎರಡು ಸಿಮ್ಮುಗಳ ನಡುವೆ ಎಲ್ಲಿ ನೇತಾಡುತ್ತಿದೆಯೆಂದು ಯಾರಿಗೂ ತಿಳಿಯದು. ಆಸ್ಟಿನ್ನಿನ ಕಂಪನಿಗೆ ಮೇಲ್ ಬರೆದು ಬೇರೆ ನಂಬರು ಕೊಡಬಹುದಿತ್ತು ಎಂದು ನೀವು ಹೇಳುತ್ತೀರಿ. ಬರೆಯಲು ಕೂತೆ ಕೂಡ. 'ಮಾನ್ಯರೇ, ನನ್ನ ಫೋನನ್ನು ಶುರು ಮಾಡಲು ನನಗೆ ಬರುತ್ತಿಲ್ಲ' ಎಂದು ಫೋನು ಪರೀಕ್ಷಿಸುವ ಕೆಲಸಕ್ಕೆ ಅರ್ಜಿ ಹಾಕಿದವನು ಹೇಗೆ ಬರೆಯಬೇಕು? ನಾಲ್ಕು ಸಲ ಬರೆದೆ, ನಾಲ್ಕು ಸಲ ಅಳಿಸಿದೆ. ಹತ್ತೊಂಬತ್ತು ದಿನದಲ್ಲಿ ಇನ್ನೊಂದು ಇಂಟರ್‌ವ್ಯೂ ಸಿಗುವ ಭರವಸೆ ನನಗಿರಲಿಲ್ಲ.

ಉಳಿದ ದಾರಿ ಒಂದೇ, ಶರ್ಮಿಳಾ ಅತ್ತಿಗೆ. ಶ್ರೀನಾಥಣ್ಣನ ಹೆಂಡತಿ, ಕೇಟಿಯ ಮನೆಯಲ್ಲಿದ್ದಳು. ಕೊನೆಗೆ ಅವಳಿಗೆ ಮಾಡಿದವನು ಯಾಕೆ ಮೊದಲೇ ಮಾಡಲಿಲ್ಲವೆಂದರೆ, ನಮ್ಮಿಬ್ಬರ ನಡುವೆ ಒಂದು ಇತಿಹಾಸವಿತ್ತು. ಆರು ತಿಂಗಳ ಹಿಂದೆ ಗಂಡನ ಧ್ವನಿಯಲ್ಲಿ ಫೋನ್ ಮಾಡಿ, ಏನಪ್ಪಾ ಅಂದ್ರೆ ನಾಳೆ ಆಫೀಸಿನ ಹದಿನೈದು ಜನ ತಿಂಡಿಗೆ ಬರ್ತಾರೆ ಎಂದಿದ್ದೆ. ಪಾಪ, ನೆನೆಸಿ, ರುಬ್ಬಿ, ಎರಡು ದೊಡ್ಡ ಪಾತ್ರೆ ಹಿಟ್ಟು ಮಾಡಿಟ್ಟಿದ್ದಳು. ಆ ಗಂಡ ಹೆಂಡತಿ ವಾರವಿಡೀ ದೋಸೆ ತಿಂದರಂತೆ.

ಈಗ ಅಂಥವನು ಫೋನ್ ಮಾಡಿ ಅವಳ ಗಂಡನ ಗುಟ್ಟಿನ ಅಂಕಿಗಳನ್ನು ಕೇಳಿದ. ಶ್ರೀನಾಥಣ್ಣ ಸೇಫ್ಟಿ ಟ್ರೈನಿಂಗಿನಲ್ಲಿದ್ದಾನೆ, ಫೋನುಗಳನ್ನು ಹೊರಗಿಟ್ಟು ಹೋಗಬೇಕು, ನಾಲ್ಕಕ್ಕೆ ಬರುತ್ತಾನೆ ಎಂದಷ್ಟೇ ಅವಳು ಹೇಳಿದಳು. ನಾನು ಎಲ್ಲವನ್ನೂ ಹೇಳಿದೆ. ದಿನಗಳ ಲೆಕ್ಕ, ಆಸ್ಟಿನ್, ಎರಡು ಗಂಟೆ, ರಾಹುಕಾಲ. ನಿಜವನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಅದು ಎಷ್ಟು ಕಟ್ಟುಕಥೆಯಂತೆ ಕೇಳಿಸುತ್ತದೆ ಎಂದು ಅವತ್ತು ತಿಳಿಯಿತು.

"ಅಳೋ ಧ್ವನಿನೂ ಕಲ್ತಿದೀಯ. ಚೆನ್ನಾಗಿದೆ," ಎಂದಳು.

"ಅತ್ತಿಗೆ, ದೇವರಾಣೆ ಇದು ನಾಟಕ ಅಲ್ಲ."

"ಇಮ್ತಿಯಾಜ್‌ಗೆ ಕೊಡು. ಅವನು ಸುಳ್ಳು ಹೇಳಲ್ಲ."

ಕೊಟ್ಟೆ. ಇಮ್ತಿಯಾಜ ಮೈ ಮುದುರಿಕೊಂಡು, ಅಂದಿನ ತನ್ನ ಮೂರನೆಯ, ನಾಲ್ಕನೆಯ ವಾಕ್ಯಗಳನ್ನು ಆಡಿದ: "ವೈನೀ, ನಾ ಇಮ್ತಿಯಾಜ್ ಅದೇನ್ರಿ. ಅಂವ ಖರೇನ ಹೇಳಾಕತ್ತಾನ್ರಿ."

ಆಮೇಲೆ ಸ್ಪೀಕರ್ ಒತ್ತಿದ. ಸ್ಪೀಕರಿನಲ್ಲಿ ಅತ್ತಿಗೆಯ ಧ್ವನಿ ತಣ್ಣಗೆ ಬಂತು. "ಇದೂ ನೀನೇ ತಾನೆ? ಯುಗಾದಿ ಊಟಕ್ಕೆ ಬಂದಾಗ ಥೇಟ್ ಹೀಗೇ ಮಾಡಿ ತೋರಿಸಿದ್ದೆ."

ಇಮ್ತಿಯಾಜ ನನ್ನತ್ತ ನೋಡಿದ. ಬದುಕಿದ್ದೂ ತಾನು ತಾನೆಂದು ಸಾಧಿಸಲಾರದ ಮನುಷ್ಯನ ನೋಟ ಅದು. ಇಷ್ಟು ವರ್ಷ ಅವನ ಧ್ವನಿಯನ್ನು ಕಡ ತಂದು ಮೆರೆದ ನಾನು, ಅದನ್ನು ಎಷ್ಟು ಸವೆಸಿಬಿಟ್ಟಿದ್ದೆನೆಂದರೆ ಮಾಲೀಕನಿಗೇ ಅದು ಉಪಯೋಗಕ್ಕೆ ಬರಲಿಲ್ಲ. ಗಂಟೆ ಒಂದಾಗಿ ಹತ್ತು ನಿಮಿಷ. ಉಪಾಯ ಹೊಳೆದದ್ದು ಅವನಿಗೆ. ಅವನು ಫೋನನ್ನು ಕಾರ್ಪೆಟ್ಟಿನ ಮೇಲೆ ಇಟ್ಟು, "ವೈನೀ, ಇಬ್ಬರೂ ಕೂಡೇ ಮಾತಾಡ್ತೇವ್ರಿ. ಒಂದ ಬಾಯಾಗ ಎರಡು ದನಿ ಬರಾಂಗಿಲ್ಲಲ್ರಿ," ಎಂದ.

ಏನು ಮಾತಾಡುವುದು? ಇಬ್ಬರಿಗೂ ಬಾಯಿಪಾಠವಿರುವುದು ಯಾವುದು? ಅವನು ಕಲಿತ ಪ್ರಾರ್ಥನೆ ನನಗೆ ಬಾರದು, ನನ್ನ ಶ್ಲೋಕ ಅವನಿಗೆ ಬಾರದು. ಮಗ್ಗಿ ಬರುತ್ತದೆ. ಹೀಗಾಗಿ ಒಂದು ಗುರುವಾರ ಮಧ್ಯಾಹ್ನ ರಿಚರ್ಡ್‌ಸನ್ನಿನಲ್ಲಿ, ಸ್ನಾತಕೋತ್ತರ ಪದವಿ ಪಡೆದ ಇಬ್ಬರು ಎಂಜಿನಿಯರುಗಳು ಒಂದು ಫೋನಿನ ಎದುರು ಮಂಡಿಯೂರಿ ಕೂತು, ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಎಂದು ಒಟ್ಟಿಗೆ ಕೂಗತೊಡಗಿದರು. ನನ್ನದು ಮೈಸೂರಿನ ರಾಗ, ಅವನದು ಹುಬ್ಬಳ್ಳಿಯ ಓಟ. ಎರಡೈದರ ಹೊತ್ತಿಗೆ ಅವನು ಒಂದು ಹೆಜ್ಜೆ ಮುಂದಿದ್ದ. ನಗು ಬರಲಿಲ್ಲ. ನಾನಂತೂ ಎರಡೇಳರಲ್ಲಿ ತಪ್ಪಿ ನಿಂತೆ. ಇಮ್ತಿಯಾಜ ಒಬ್ಬನೇ ಎರಡೆಂಟನ್ನು ಎಳೆದುಕೊಂಡು ಹೋದ.

"ಸಾಕು ನಿಲ್ಸಿ," ಎಂದಳು ಅತ್ತಿಗೆ. "ಬರ್ಕೊಳ್ಳಿ."

ನಾಲ್ಕು ಅಂಕಿಗಳನ್ನು ಹೇಳಿದಳು. ಆಮೇಲೆ, ಇಂಟರ್‌ವ್ಯೂ ಚೆನ್ನಾಗಿ ಮಾಡು ಎಂದಳು. ಬೇರೆ ಏನೂ ಹೇಳದೆ ಫೋನು ಇಟ್ಟಳು. ಬೈದಿದ್ದರೆ ಹಗುರವಾಗುತ್ತಿತ್ತು.

ಅಂಕಿಗಳನ್ನು ಹಾಕಿದೆ. ಪರದೆಯ ಮೇಲೆ, ನಿಮ್ಮ ಫೋನು ಸಿದ್ಧವಾಗುತ್ತಿದೆ, ಸ್ವಲ್ಪ ಕಾಯಿರಿ ಎಂದು ಬಂತು. ಸ್ವಲ್ಪ ಎಂಬುದು ಎಷ್ಟು ಎಂದು ಅದು ಹೇಳಲಿಲ್ಲ. ನಮ್ಮ ಕಚೇರಿಗಳಲ್ಲಿ ಗುಮಾಸ್ತರು ತಲೆಯೆತ್ತದೆ ಹೇಳುವ ಸ್ವಲ್ಪವನ್ನೇ ಈ ಸುಂದರ ಗಾಜೂ ಕಲಿತಿತ್ತು. ಒಂದೂವರೆಯಾಯಿತು, ಅಮ್ಮನ ರಾಹು ಒಳಗೆ ಬಂದು ಕಾರ್ಪೆಟ್ಟಿನ ಮೇಲೆ ನಮ್ಮ ಜೊತೆ ಕೂತ. ಒಂದೂ ಐವತ್ತಾಯಿತು. ಇಮ್ತಿಯಾಜ ಅನ್ನಕ್ಕೆ ಇಟ್ಟಿದ್ದ ಒಲೆ ಆರಿಸಿ ಬಂದ. ಎರಡಕ್ಕೆ ಮೂರು ನಿಮಿಷವಿದ್ದಾಗ ಮೂಲೆಯಲ್ಲಿ ಒಂದು ಕಡ್ಡಿ ಮೂಡಿತು, ಆಮೇಲೆ ಇನ್ನೊಂದು. ನಾನು ಆ ಹೊತ್ತಿಗೆ ಖುಷಿಪಡುವ ಶಕ್ತಿಯನ್ನೂ ಕಳೆದುಕೊಂಡಿದ್ದೆ.

ಎರಡೂ ಏಳಕ್ಕೆ ಫೋನು ಬಡಿದುಕೊಂಡಿತು. ಆಸ್ಟಿನ್ನಿನ ನಂಬರು. ಎತ್ತಲು ಗುಂಡಿಯಿಲ್ಲ, ಗಾಜಿನ ಮೇಲೆ ಬೆರಳನ್ನು ಎಡದಿಂದ ಬಲಕ್ಕೆ ಎಳೆಯಬೇಕು. ಎಳೆದೆ. ಏನೂ ಆಗಲಿಲ್ಲ. ಮತ್ತೆ ಎಳೆದೆ. ಬೆವರಿದ ಬೆರಳನ್ನು ಈ ಫೋನುಗಳು ಬೆರಳೆಂದು ಒಪ್ಪುವುದಿಲ್ಲವೆಂಬ ಸತ್ಯವನ್ನು ನಾನು ಕಂಡುಕೊಂಡದ್ದು ಎರಡನೆಯ ರಿಂಗಿನಲ್ಲಿ. ಮೂರನೆಯ ರಿಂಗಿನಲ್ಲಿ ಇಮ್ತಿಯಾಜ ನನ್ನ ಕೈ ಹಿಡಿದೆಳೆದು ತೋರುಬೆರಳನ್ನು ತನ್ನ ಅಂಗಿಯಿಂದ ಒರೆಸಿದ. ನಾಲ್ಕರಲ್ಲಿ ಅದು ಜಾರಿತು.

ಮ್ಯಾನೇಜರು ನಿಧಾನದ, ದಣಿದ ದನಿಯ ಹೆಂಗಸು. ನಾನು ವಾರದಿಂದ ಅಭ್ಯಾಸ ಮಾಡಿಟ್ಟುಕೊಂಡಿದ್ದ ಅಮೆರಿಕನ್ ಧಾಟಿ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ. ಇಂಥ ಫೋನು ಬಳಸಿದ್ದೀರಲ್ಲ, ಮೊದಲ ಸಲ ಹಿಡಿದವನಿಗೆ ಅದರಲ್ಲಿ ಏನು ಕಷ್ಟ ಅನಿಸುತ್ತದೆ ಎಂದು ಅವಳು ಕೇಳಿದಳು. ರೆಸ್ಯುಮೆಯ ಸುಳ್ಳು ಅಷ್ಟರಲ್ಲಿ ಮೂರು ಗಂಟೆಯಷ್ಟು ನಿಜವಾಗಿತ್ತು. ಮಗ್ಗಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ. ಹಳೆಯದು ಸತ್ತ ಮೇಲೆ ಹೊಸದು ಹುಟ್ಟದಿದ್ದರೆ ನಡುವೆ ಮನುಷ್ಯ ಎಲ್ಲಿರಬೇಕು, ಸ್ವಲ್ಪ ಕಾಯಿರಿ ಎಂದರೆ ಎಷ್ಟು, ಕೈ ಬೆವರುವುದು ಹೆದರಿದಾಗಲೇ ತಾನೆ, ಹೆದರಿದವನಿಗೇ ಫೋನು ಬೇಕಾಗುವುದು ತಾನೆ ಎಂದೆ. ಆ ಕಡೆ ಕೀಬೋರ್ಡು ಟಕಟಕ ಎನ್ನುತ್ತಿತ್ತು. ಇಪ್ಪತ್ತು ನಿಮಿಷದ ಮೇಲೆ, ಸೋಮವಾರ ಆಸ್ಟಿನ್ನಿಗೆ ಬಂದು ಟೀಮನ್ನು ನೋಡಿ ಹೋಗಲಾಗುತ್ತದೆಯೇ, ಈ ತಿಂಗಳೇ ಸೇರಲು ಅಡ್ಡಿಯಿದೆಯೇ ಎಂದು ಕೇಳಿದಳು. ಬರುತ್ತೇನೆ, ಅಡ್ಡಿಯಿಲ್ಲ ಎಂದೆ. ಥ್ಯಾಂಕ್ಸ್ ಎಂದಳು. ಥ್ಯಾಂಕ್ಸ್ ಎಂದೆ.

ಆಮೇಲೆ ಫೋನನ್ನು ಕೆನ್ನೆಯಿಂದ ತೆಗೆದು ನೋಡಿದರೆ ಬರೀ ಕಪ್ಪು ಗಾಜು. ಮಾತು ಮುಗಿಯಿತೋ, ಅವಳು ಇನ್ನೂ ಆ ಕಡೆ ಇದ್ದಾಳೋ ತಿಳಿಯುವಂತಿಲ್ಲ. ಒತ್ತಿ ಮುಗಿಸಲು ಕೆಂಪು ಗುಂಡಿಯಿಲ್ಲ; ಎಲ್ಲಿ ಮುಟ್ಟಿದರೆ ಏನಾಗುವುದೋ ಎಂಬ ಭಯ. ಇಮ್ತಿಯಾಜ ಹುಬ್ಬೆತ್ತಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಬಾಯಿ ತೆರೆದ, ನಾನು ಫೋನಿನತ್ತ ಬೆರಳು ತೋರಿಸಿದೆ, ಬಾಯಿ ಮುಚ್ಚಿದ. ಅವನು ಬೆಕ್ಕಿನ ಹೆಜ್ಜೆಯಲ್ಲಿ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದ, ಟವೆಲಿನಲ್ಲಿ ಮುಖ ಹುದುಗಿಸಿ ಕೂಗಿದ ಮನುಷ್ಯನ ಸದ್ದು ಬಂತು. ನಾನು ತುಂಬಿದ ಬಟ್ಟಲು ಹಿಡಿದವನಂತೆ ಫೋನನ್ನು ಎರಡು ಅಂಗೈಗಳ ಮೇಲಿಟ್ಟುಕೊಂಡು ಅಲುಗಾಡದೆ ಕೂತೆ. ಯಾರಿಗೂ ಹೇಳದೆ, ಯಾರ ಧ್ವನಿಯಲ್ಲೂ ಕೂಗದೆ ಸಂತೋಷವೊಂದನ್ನು ಅಷ್ಟು ಹೊತ್ತು ಇಟ್ಟುಕೊಂಡದ್ದು ಅದೇ ಮೊದಲು. ಬಹಳ ಕಷ್ಟ. ಆದರೆ ಅದು ಒಂಚೂರೂ ಚೆಲ್ಲುವುದಿಲ್ಲ.